ಉಡಿ ತುಂಬಿದ ಅಣ್ಣ

ಆಪರೇಷನ್ ಥಿಯೇಟರಿನಲ್ಲಿ ಕೈ ತೊಳೆದುಕೊಂಡ ನರ್ಸಿಗೆ ಕೈಗಳೇ ಇರುವುದಿಲ್ಲ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ, ಆದರೆ ಸಂಗತಿ ಇರುವುದೇ ಹಾಗೆ. ಮೊಣಕೈವರೆಗೆ ತಿಕ್ಕಿ ತೊಳೆದ ಮೇಲೆ ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿಕೊಂಡು, ಬಾಗಿಲನ್ನು ಬೆನ್ನಿನಿಂದ ತಳ್ಳಿ ಒಳಗೆ ಬರಬೇಕು. ಏನನ್ನೂ ಮುಟ್ಟುವಂತಿಲ್ಲ. ಮೂಗು ತುರಿಸಿದರೂ ಸಹಿಸಿಕೊಂಡು ನಿಲ್ಲಬೇಕು. ಹಸಿರು ಗೌನಿನೊಳಗೆ ತೋಳು ತೂರಿಸುವುದಷ್ಟೇ ನಮ್ಮ ಕೆಲಸ. ಲಾಡಿಗಳು ಬೆನ್ನ ಹಿಂದೆ ಇರುತ್ತವೆ, ಅವನ್ನು ಕೈ ತೊಳೆಯದ ಇನ್ಯಾರೋ ಬಂದು ಕಟ್ಟಬೇಕು. ಬಳ್ಳಾರಿಯ ಆ ಆಸ್ಪತ್ರೆಯಲ್ಲಿ ಆ ಇನ್ಯಾರೋ ಯಾವಾಗಲೂ ಅವನೇ.

ಅವನು ಥಿಯೇಟರಿನ ಹಿರಿಯ ಟೆಕ್ನಿಷಿಯನ್. ದೀಪ, ಟೇಬಲ್ಲು, ಆಕ್ಸಿಜನ್ನು ಎಲ್ಲ ಅವನ ಸುಪರ್ದಿಗೆ. ಆಸ್ಪತ್ರೆಯ ಮಾಲೀಕರೂ ಆಗಿದ್ದ ದೊಡ್ಡ ಡಾಕ್ಟರು, "ಅಂವ ರಜಾ ಹಾಕಿದ್ರ ನಾನೂ ರಜಾ ಹಾಕೂದ" ಎಂದು ಎಲ್ಲರೆದುರಿಗೇ ಹೇಳುತ್ತಿದ್ದರು. ಆಯಾಗಳಿಂದ ಹಿಡಿದು ಮೇಟ್ರನ್‌ವರೆಗೆ ಎಲ್ಲರಿಗೂ ಅವನು 'ಅಣ್ಣಾರು'. ಸೋಮವಾರ ಒಪ್ಪತ್ತು ಮಾಡುತ್ತಿದ್ದ. ರೋಗಿಗಳ ಕಡೆಯವರಿಗೆ ತಾನೇ ಚಹಾ ತರಿಸಿಕೊಡುತ್ತಿದ್ದ. ಇಂಥವನ ಮೇಲೆ ದೂರು ಹೇಳುವುದೆಂದರೆ ಗುಡಿಯ ಪೂಜಾರಿ ತೆಂಗಿನಕಾಯಿ ಕದ್ದ ಎಂದ ಹಾಗೆ. ಕದ್ದದ್ದು ಎಲ್ಲರಿಗೂ ಗೊತ್ತಿರುತ್ತದೆ, ಹೇಳಿದವರಿಗೆ ಪಾಪ.

ನಾನು ಸಿರುಗುಪ್ಪ ತಾಲೂಕಿನ ಕರೂರಿನವಳು. ಅಪ್ಪ ಬೇಗ ತೀರಿಕೊಂಡ. ಅವ್ವ ಊರವರ ಗದ್ದೆಗಳಲ್ಲಿ ಭತ್ತದ ನಾಟಿ ಹಚ್ಚಿ ನನ್ನನ್ನು ನರ್ಸಿಂಗ್ ಓದಿಸಿದಳು. ನನ್ನ ಹಿಂದೆ ಮುಂದೆ ಯಾರೂ ಹುಟ್ಟಲಿಲ್ಲ. ಕುರುಗೋಡಿಗೆ ಮದುವೆ ಮಾಡಿಕೊಟ್ಟಳು. ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಮುಕ್ಕಾಲು ಪಾಲು ರಸ್ತೆಯ ಮೇಲೇ ಇರುತ್ತಾನೆ. ಮನೆಯಲ್ಲಿ ನಾನು, ನನ್ನ ಅತ್ತೆ ಮತ್ತು ಅತ್ತೆಯ ನಾಲಿಗೆ. ಪಂಚಮಿ ಹತ್ತಿರ ಬಂತೆಂದರೆ ಅದಕ್ಕೆ ಸಾಣೆ ಹಿಡಿದಂತಾಗುತ್ತಿತ್ತು. ಓಣಿಯ ಸೊಸೆಯರನ್ನೆಲ್ಲ ಅಣ್ಣತಮ್ಮಂದಿರು ಉಂಡಿ ತಂದು ಹಬ್ಬಕ್ಕೆ ಕರೆದೊಯ್ಯುವಾಗ, "ನಮ್ಮಾಕಿಗಿ ಕರಿಯಾಕ ಯಾರ್ ಬರ್ತಾರ? ಕರೂರಿನ ಬಸ್ಸ ಬಂದು ಕರೀಬೇಕು" ಎಂದು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ಮುಂಜಾನೆ ಬಸ್ಸು ಹಿಡಿದು ಬಳ್ಳಾರಿಗೆ ಹೋದರೆ ಸಾಕು ಅನ್ನಿಸುತ್ತಿತ್ತು.

ನನಗೆ ಥಿಯೇಟರ್ ಅಂದರೆ ಪ್ರಾಣ. ವಾರ್ಡಿನಲ್ಲಿ ಮಾತ್ರೆ ಹಂಚುವುದು ಯಾರಾದರೂ ಮಾಡುವ ಕೆಲಸ. ಡಾಕ್ಟರ್ ಕೇಳುವ ಮೊದಲೇ ಅವರ ಅಂಗೈಗೆ ಬೇಕಾದ ಸಾಮಾನು ಇಡುವುದು ಎಲ್ಲರಿಗೂ ಬರುವುದಿಲ್ಲ, ನನಗೆ ಬರುತ್ತಿತ್ತು. ಆ ಜಾಗ ಬಿಡಬಾರದು ಎನ್ನುವುದೊಂದೇ ನನ್ನ ಹಟ. ನಂತರ ಏನೇನು ನಡೆಯಿತೋ ಎಲ್ಲವೂ ಈ ಹಟದ ಸುತ್ತಲೇ ನಡೆಯಿತು.

ಮೊದಲ ಸಲ, ಸೊಂಟದ ಲಾಡಿ ಹುಡುಕುವ ನೆಪದಲ್ಲಿ ಅವನ ಕೈ ಗೌನಿನ ಒಳಗೆ ಬಂತು. ತಪ್ಪಿ ಬಂದ ಕೈ ಹಿಂದೆ ಹೋಗುತ್ತದೆ. ಇದು ಹೋಗಲಿಲ್ಲ. ನಾನು ಗಕ್ಕನೆ ತಿರುಗಿದೆ, ನನ್ನ ಮೊಣಕೈ ಅವನ ಅಂಗಿಗೆ ತಾಗಿತು. ಟೇಬಲ್ಲಿನ ಮೇಲೆ ಹೆಂಗಸೊಬ್ಬಳಿಗೆ ಆಗಲೇ ಅರಿವಳಿಕೆ ಕೊಟ್ಟಾಗಿತ್ತು. ಡಾಕ್ಟರ್ ತಲೆ ಎತ್ತಿ ನೋಡಿದ್ದು ನನ್ನ ಮೊಣಕೈಯನ್ನು ಮಾತ್ರ.

"ಮುಟ್ಟಿಸ್ಕೊಂಡ್ಯಲ್ಲಮ್ಮಾ. ಹೋಗು, ಮತ್ತ ತೊಳ್ಕೊಂಡ್ ಬಾ."

"ಹೊಸಾಕಿ ಸರ್, ಕಲೀತಾಳ" ಎಂದು ಅವನು ನನ್ನ ಪರವಾಗಿ ಮಾತಾಡಿದ.

ಅದಾದ ಮೇಲೆ ನನಗಿದ್ದದ್ದು ಎರಡೇ ದಾರಿ. ಕೈ ಎತ್ತಿಕೊಂಡು ಕಲ್ಲಿನಂತೆ ನಿಲ್ಲುವುದು, ಇಲ್ಲವೇ ಕೊಸರಿಕೊಂಡು ಮತ್ತೆ ಕೈ ತೊಳೆಯುವುದು. ನಾನು ತೊಳೆಯುತ್ತಿದ್ದೆ. ತೊಳೆದು ತೊಳೆದು ಬೆರಳ ಸಂದಿಯ ಚರ್ಮ ಬಿರಿಯಿತು, ರಾತ್ರಿ ಸಾರಿನ ಖಾರ ತಾಗಿದರೆ ಉರಿಯುತ್ತಿತ್ತು. ಥಿಯೇಟರಿನವರಿಗೆ ಅದೊಂದು ತಮಾಷೆಯಾಯಿತು. "ಈ ಸಿಸ್ಟರ್‌ಗೆ ಮಡಿ ಜಾಸ್ತಿ" ಎಂದು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನು. ಅರಿವಳಿಕೆಯ ಡಾಕ್ಟರು ಮಾತ್ರ ನಗುತ್ತಿರಲಿಲ್ಲ, ಹಾಗೆಂದು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಅವರಿಗೆ ಗೊತ್ತಿತ್ತು ಎಂದು ಈಗಲೂ ನನ್ನ ಅನುಮಾನ.

ಕೊನೆಗೆ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಹತ್ತಿರ ಹೋದೆ. ಅಗಲ ಮುಖದ ಹಿರಿಯ ಹೆಂಗಸು, ಆಂಧ್ರದ ಕಡೆಯಿಂದ ಬಂದು ಬಳ್ಳಾರಿಯಲ್ಲೇ ತಲೆ ಹಣ್ಣಾಗಿಸಿಕೊಂಡವರು. ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದರು. ನಾನು ಹೇಳುವಷ್ಟೂ ಹೊತ್ತು ಅನ್ನ ಕಲಸುತ್ತಲೇ ಇದ್ದರು.

"ಯಾರರ ನೋಡ್ಯಾರೇನಮ್ಮಾ?"

"ಬೆನ್ನ ಹಿಂದ ರೀ ಮೇಡಂ. ಎಲ್ಲಾರೂ ಟೇಬಲ್ ಕಡಿಗೆ ಮುಖ ಮಾಡಿರ್ತಾರ."

"ಬೆನ್ನ ಹಿಂದ ಅಂದ ಮ್ಯಾಲೆ ನೀನೂ ನೋಡಿಲ್ಲ" ಎಂದು ಅವರು ತುತ್ತು ಬಾಯಿಗಿಟ್ಟರು.

ಆಸ್ಪತ್ರೆಯಲ್ಲಿ ಇಂಥ ದೂರುಗಳಿಗೆಂದೇ ಒಂದು ಸಮಿತಿ ಇತ್ತು. ಲಿಫ್ಟಿನ ಪಕ್ಕ ಅದರ ಬೋರ್ಡು ನೇತುಹಾಕಿದ್ದರು, ಅದರ ಮುಂದೆ ಮುರಿದ ವೀಲ್‌ಚೇರುಗಳನ್ನು ಒಟ್ಟಿದ್ದರು. ಸಮಿತಿ ಅಂದರೆ ಮಾಲೀಕರ ಹೆಂಡತಿ, ಇದೇ ಮೇಟ್ರನ್ ಮತ್ತು ಮ್ಯಾನೇಜರ್. ಹೊರಗಿನವರೊಬ್ಬರು ಇರಬೇಕು ಅನ್ನುವ ಕಾನೂನಿಗೆ ಮಾಲೀಕರ ಹೆಂಡತಿಯ ತಂಗಿ ಇದ್ದರು. ನಾನು ಹಟ ಬಿಡದೆ ಬರೆದುಕೊಟ್ಟ ಮೇಲೆ ಒಂದು ಮಧ್ಯಾಹ್ನ ಕರೆಸಿದರು. ಅವನಿಗೆ ಕುರ್ಚಿ ಹಾಕಿದ್ದರು, ನಾನು ನಿಂತಿದ್ದೆ. ಅವನು ಅತ್ತ. ಸುಳ್ಳಲ್ಲ, ಕಣ್ಣಲ್ಲಿ ನೀರು ಸುರಿಸಿ ಅತ್ತ. "ನನಗೂ ಹೆಣ್ಮಕ್ಳು ಅದಾರ ಮೇಡಂ. ಈ ಕೈಲೆ ಎಷ್ಟು ಜೀವ ಉಳಿಸೀನಿ" ಎಂದು ಎರಡೂ ಅಂಗೈ ಚಾಚಿ ತೋರಿಸಿದ. ಮೇಟ್ರನ್ ಅವನಿಗೆ ನೀರು ತರಿಸಿದರು.

ಮಾಲೀಕರ ಹೆಂಡತಿ ದೇವರು ದಿಂಡರು ಅಂತ ಬಹಳ ನಡೆದುಕೊಳ್ಳುವವರು. ನನ್ನನ್ನು ಹತ್ತಿರ ಕರೆದು ತಲೆ ಸವರಿದರು.

"ನಿನಗ ಅಣ್ಣ ತಮ್ಮ ಯಾರೂ ಇಲ್ಲಂತಲ್ಲವ್ವಾ?"

"ಇಲ್ರಿ."

"ಅದಕ ನಿನಗ ಗಂಡಸ್ರ ಕೈ ಅಂದ್ರ ಅಂಜಿಕಿ. ಇವತ್ತಿಂದ ಇವ್ನ ನಿಮ್ಮಣ್ಣ. ಇವ್ನ ಹೆಂಡ್ತೀನ ಕರಸೀನಿ, ನಿನಗ ಉಡಿ ತುಂಬ್ತಾಳ. ಉಡಿ ತುಂಬಿದ ಮ್ಯಾಲೆ ಮುಗೀತು, ಯಾವ ಪಾಪನೂ ಉಳಿಯೂದಿಲ್ಲ."

ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಅವನ ಹೆಂಡತಿ ಆಗಲೇ ಕಾರಿಡಾರಿನಲ್ಲಿ ಚೀಲ ಹಿಡಿದು ಕೂತಿದ್ದಳು, ಅಂದರೆ ತೀರ್ಪು ನಾನು ಬರುವುದಕ್ಕೆ ಮುಂಚೆಯೇ ಆಗಿತ್ತು. ಬಡಕಲು ಹೆಂಗಸು, ಹಣೆ ತುಂಬ ಕುಂಕುಮ. ನಮ್ಮ ಕಡೆ ಹಗೆಯವರ ಮನೆಯಲ್ಲಿ ಉಡಿ ತುಂಬಲು ಬಂದರೂ ಹೆಣ್ಣುಮಗಳು ಬೇಡ ಅನ್ನುವುದಿಲ್ಲ, ಬೇಡ ಅಂದರೆ ತನ್ನ ತವರಿಗೇ ಕೇಡು ಬಯಸಿದಂತೆ. ಆದರೆ ಉಡಿ ತುಂಬಿಸಿಕೊಳ್ಳಲು ಸೆರಗು ಬೇಕಲ್ಲ, ನಾನು ಥಿಯೇಟರಿನ ಪೈಜಾಮ ಅಂಗಿಯಲ್ಲಿದ್ದೆ. ಮೇಟ್ರನ್ ಹೋಗಿ ಆಪರೇಷನ್ನಿನಲ್ಲಿ ರೋಗಿಯ ಮೇಲೆ ಹೊದಿಸುವ ಹಸಿರು ಬಟ್ಟೆ ತಂದು ನನ್ನ ಹೆಗಲಿಗೆ ಹಾಕಿದರು. ಅದರ ಎರಡು ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತುತ್ತಿ, ಅರಿಷಿಣ ಕೊಂಬು, ಒಂದು ಕುಪ್ಪಸದ ಖಣ ಬಿದ್ದವು. ಆಕೆ ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ಇದು ಆಕೆ ತುಂಬಿದ ಮೊದಲ ಉಡಿಯಲ್ಲ ಎಂದು ಆ ಕ್ಷಣ ನನಗೆ ಖಾತ್ರಿಯಾಯಿತು. ಮ್ಯಾನೇಜರ್ ಎಲ್ಲರಿಗೂ ಪೇಡೆ ಹಂಚಿದ. ನನ್ನ ಕೈ ಖಾಲಿ ಇರಲಿಲ್ಲವೆಂದು ಅವನೇ ಮುಂದೆ ಬಂದು ನನ್ನ ಬಾಯಿಗೆ ಪೇಡೆ ಇಟ್ಟ. ಅವನು ಅಂದರೆ ನನ್ನ ಹೊಸ ಅಣ್ಣ.

ಮರುದಿನ ಮುಂಜಾನೆ ಕೈ ತೊಳೆದು ಒಳಗೆ ಬಂದೆ, ಗೌನಿಗೆ ತೋಳು ತೂರಿಸಿದೆ.

"ತಿರುಗು ತಂಗಿ" ಎಂದ ಹಿಂದಿನಿಂದ. ಅದೇ ಕೈ, ಅದೇ ದಾರಿ. ಈಗ ಅವಸರವೂ ಇರಲಿಲ್ಲ.

ಮತ್ತೆ ಮೇಟ್ರನ್ ಹತ್ತಿರ ಹೋದೆ. ಈ ಸಲ ಅವರು ಎದ್ದು ಬಾಗಿಲು ಹಾಕಿದರು. "ನಿನ್ನೆ ಉಡಿ ತುಂಬಿಸ್ಕೊಂಡು ಇವತ್ತು ಅಣ್ಣನ ಮ್ಯಾಲೆ ಇಂಥಾ ಮಾತು ಆಡ್ತಿಯಲ್ಲ, ನಾಲಿಗಿಗೆ ಹುಳ ಬೀಳ್ತಾವ ನೋಡು. ಮದ್ಲು ಅಂವ ಯಾರೋ, ನೀ ಯಾರೋ. ಆವಾಗ ಹೇಳಿದ್ದು ಒಂದು ಲೆಕ್ಕ. ಈಗ ಇದು ನಿಮ್ಮ ಮನೀ ವಿಚಾರ." ಅವರು ತಮಾಷೆಗೆ ಹೇಳಲಿಲ್ಲ. ಮನಸಾರೆ ನಂಬಿ ಹೇಳಿದರು. ಕಾನೂನು ಕೊಟ್ಟಿದ್ದ ಒಂದು ಹಿಡಿ ಜಾಗವನ್ನೂ ಆ ಒಂದು ಸೇರು ಅಕ್ಕಿ ಮುಚ್ಚಿಹಾಕಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಹಲ್ಲು ಕಚ್ಚಿ ಇದ್ದುಬಿಡುತ್ತಿದ್ದೆನೋ ಏನೋ. ಆದರೆ ಅವನು ಅಣ್ಣನ ಕೆಲಸವನ್ನು ಕಟ್ಟುನಿಟ್ಟಾಗಿ ಮಾಡತೊಡಗಿದ. ಒಂದು ಭಾನುವಾರ ಹಣ್ಣು ಹೂವು ಹಿಡಿದು ಕರೂರಿಗೆ ಹೋಗಿ ಅವ್ವನ ಕಾಲು ಮುಟ್ಟಿದ. ಅವ್ವನ ಕಣ್ಣಿಗೆ ಪೊರೆ ಬಂದಿತ್ತು, ನಾನೇ ಬಳ್ಳಾರಿಗೆ ಕರೆದೊಯ್ಯಬೇಕು ಎಂದು ದಿನ ನೋಡುತ್ತಿದ್ದೆ. ಅವನು ನನಗೊಂದು ಮಾತೂ ಹೇಳದೆ ಕರೆದೊಯ್ದು ಆಪರೇಷನ್ ಮಾಡಿಸಿದ, ಕೌಲ್ ಬಜಾರಿನ ತನ್ನ ಮನೆಯಲ್ಲೇ ಇಟ್ಟುಕೊಂಡು ಕಣ್ಣಿಗೆ ಔಷಧಿ ಬಿಟ್ಟ. ಪಟ್ಟಿ ಬಿಚ್ಚಿದ ಮೇಲೆ ಅವ್ವ ಮೊದಲು ಕಂಡದ್ದು ಅವನ ಮುಖ. "ನನ್ನ ಹೊಟ್ಟ್ಯಾಗ ಹುಟ್ಟಿದ್ರೂ ಇಷ್ಟು ಮಾಡ್ತಿದ್ದಿಲ್ಲ" ಎಂದು ಫೋನಿನಲ್ಲಿ ಅತ್ತಳು.

ಕರೂರಿಗೆ ಹೋಗಿ ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಮುಚ್ಚುಮರೆ ಮಾಡಲಿಲ್ಲ, ಕೈ ಎಲ್ಲೆಲ್ಲಿ ಬಂತು ಎನ್ನುವುದನ್ನೂ ಹೇಳಿದೆ. ಅವ್ವ ಹೊಸ ಕಣ್ಣಿನಿಂದ ನನ್ನನ್ನು ಬಹಳ ಹೊತ್ತು ನೋಡಿದಳು.

"ಕೆಲ್ಸದಾಗ ಕೈ ತಾಗ್ತಾವ. ನಾಟಿ ಹಚ್ಚುವಾಗ ನಮಗ ತಾಗಿಲ್ಲೇನು? ಗೌಡ್ರು ಬದುವಿನ ಮ್ಯಾಲೆ ನಿಂತು ಎಲ್ಲಿ ನೋಡ್ತಿದ್ರು, ಎಲ್ಲಿ ಮುಟ್ತಿದ್ರು, ಹೇಳ್ಲೇನು ನಿನಗ? ಆ ಕೂಲಿಲೇ ನೀ ಓದೀದಿ."

"ಅವ್ವಾ, ಅಂವ ನಿನಗ ಮಗ ಅಂತ ಬರಾಕತ್ಯಾನ."

"ಬರ್ಲಿ. ನನಗ ಒಬ್ಬವ ಬೇಕಾಗ್ಯಾನ" ಎಂದಳು ಅವ್ವ.

ಪಂಚಮಿ ಬಂತು. ನಾಗಪ್ಪನಿಗೆ ಹಾಲೆರೆಯುವ ಮುನ್ನಾದಿನ ಅವನು ಕುರುಗೋಡಿನ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿಯ ಡಬ್ಬಿ, ಸೀರೆಯ ಚೀಲ. "ತಂಗೀನ ಹಬ್ಬಕ್ಕ ಕರ್ಕೊಂಡು ಹೋಗಾಕ ಬಂದೀನ್ರಿ ಅತ್ತೀ" ಎಂದ. ಓಣಿಯ ಹೆಂಗಸರು ಇಣುಕಿದರು. ಅತ್ತೆ ಎದ್ದು ಚಾಪೆ ಹಾಸಿದಳು. ಇಷ್ಟು ವರ್ಷ ನನ್ನನ್ನು ತಿವಿಯಲು ಬಳಸಿದ ಮುಳ್ಳು ತನ್ನ ಕೈಯಿಂದ ಜಾರಿತಲ್ಲ ಎಂದು ಸ್ವಲ್ಪ ಪೆಚ್ಚಾಗಿಯೂ ಇದ್ದಳು. ಹೊರಡುವ ಮುಂಚೆ ಉಡಿ ತುಂಬಬೇಕು ಎಂದು ಅವನೇ ನೆನಪಿಸಿದ. ಹೆಂಡತಿ ಬಂದಿಲ್ಲ, ಅತ್ತೆಯೇ ತುಂಬಲಿ, ಸಾಮಾನು ತಾನು ತಂದಿದ್ದೇನೆ ಎಂದ. ನಾನು ಸೆರಗೊಡ್ಡಿ ನಿಂತೆ. ಅತ್ತೆ ಅಕ್ಕಿ ಹಾಕಿದಳು, ಕಾಯಿ ಇಟ್ಟಳು. ಅವನು ಹತ್ತಿರ ಬಂದು ಸೆರಗು ಸರಿಮಾಡುವವನಂತೆ ನನ್ನ ಸೊಂಟಕ್ಕೆ ಕೈ ಹಚ್ಚಿದ, ನನ್ನ ಅತ್ತೆಯ ಕಣ್ಣೆದುರಿಗೆ, ನನ್ನ ಮನೆಯಲ್ಲಿ.

ಇದು ಥಿಯೇಟರಲ್ಲ ಎಂದು ನನಗೆ ಆಗ ಹೊಳೆಯಿತು. ಇಲ್ಲಿ ನನಗೆ ಕೈಗಳಿದ್ದವು. ಸೆರಗು ಬಿಟ್ಟುಬಿಟ್ಟೆ. ಅಕ್ಕಿ ಸುರಿದು ಹೊಸ್ತಿಲ ತನಕ ಹರಡಿತು, ಕಾಯಿ ಅವನ ಕಾಲ ಮೇಲೆ ಬಿತ್ತು. ಅವನ ಕೆನ್ನೆಗೆ ಹೊಡೆದೆ. ಬಿರುಕು ಬಿಟ್ಟಿದ್ದ ನನ್ನ ಅಂಗೈ ಉರಿಯಿತು, ಆ ಉರಿ ಹಿತವಾಗಿತ್ತು.

ಅವನು ಕೆನ್ನೆ ಸವರಿಕೊಂಡು ನಕ್ಕ. "ತಂಗಿಗಿ ಸಿಟ್ಟು ಬಾಳ" ಎಂದ.

ಅತ್ತೆ ನನ್ನನ್ನು ನೋಡಿದಳು, ಅವನನ್ನು ನೋಡಿದಳು, ನೆಲದ ಅಕ್ಕಿಯನ್ನು ನೋಡಿದಳು. ಕಸಬರಿಗೆ ತಂದು ಅಕ್ಕಿಯನ್ನೆಲ್ಲ ಗುಡಿಸಿ ಓಣಿಗೆ ತಳ್ಳಿದಳು. ಅದರ ಹಿಂದೆ ಉಂಡಿಯ ಡಬ್ಬಿ ಹೋಯಿತು, ಸೀರೆ ಹೋಯಿತು. "ನೀವೂ ಹೊಂಡ್ರಿ" ಎಂದಳು ಅವನಿಗೆ. ಬಾಗಿಲು ಹಾಕಿ ಬಂದು ಒಲೆಯ ಮುಂದೆ ಕೂತಳು.

"ಖರೇ ಅಣ್ಣ ಆಗಿದ್ರ ಉಡಿ ಚೆಲ್ಲಿದ್ದಕ್ಕ ನಿನ್ನ ಬಡೀತಿದ್ದ. ಇಂವ ನಕ್ಕ" ಎಂದಳು. ಒಲೆಗೆ ಕಟ್ಟಿಗೆ ತುರುಕುತ್ತ, "ಆ ದವಾಖಾನಿಗೆ ಹೋಗಬ್ಯಾಡ" ಎಂದಳು. ಅಷ್ಟು ವರ್ಷ ಬಾಯಿಗೆ ಬಂದಂತೆ ಅಂದವಳು ಆ ದಿನದಿಂದ ನನ್ನ ತವರಿನ ಮಾತು ಎತ್ತಿಲ್ಲ. ಆಕೆಗೂ ಇಂಥ ಯಾವನೋ ಒಬ್ಬ ಅಣ್ಣ ಇದ್ದನೇ ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಬಳ್ಳಾರಿಯ ಕೆಲಸ ಬಿಟ್ಟೆ. ಅವನು ಅಲ್ಲೇ ಇದ್ದಾನೆ. ನನ್ನ ಜಾಗಕ್ಕೆ ಮೋಕಾದ ಕಡೆಯ ಹುಡುಗಿ ಬಂದಿದ್ದಾಳಂತೆ, ಆಕೆಗೂ ಮಡಿ ಜಾಸ್ತಿಯಂತೆ. ನಾನು ಸಿರುಗುಪ್ಪದ ಒಂದು ಚಿಕ್ಕ ಆಸ್ಪತ್ರೆ ಸೇರಿದೆ. ಒಬ್ಬರೇ ಲೇಡಿ ಡಾಕ್ಟರು, ಒಂದೇ ಥಿಯೇಟರು, ಕೈ ತೊಳೆಯುವ ನರ್ಸು ನಾನೊಬ್ಬಳೇ. ಸೇರುವ ದಿನವೇ ಒಂದು ಮಾತು ಕೇಳಿಕೊಂಡೆ, ನನ್ನ ಗೌನನ್ನು ಆಯಾ ಕಟ್ಟಬೇಕು ಎಂದು. ಡಾಕ್ಟರು ಯಾಕೆ ಎಂದು ಕೇಳಲಿಲ್ಲ. ಗೊತ್ತಿದ್ದವರು ಕೇಳುವುದಿಲ್ಲ.

ಅವ್ವ ಮಾತು ಬಿಟ್ಟಳು. ಉಡಿ ಚೆಲ್ಲಿದ ಸುದ್ದಿ ಆಕೆಗೆ ಮುಟ್ಟಿತ್ತು, ಮುಟ್ಟಿಸಿದವನು ಅವನೇ. ಸಿರುಗುಪ್ಪದಿಂದ ಕರೂರಿಗೆ ಬಸ್ಸುಗಳಿಗೇನೂ ಬರವಿಲ್ಲ. ಹೋದರೆ ಅವ್ವ ತಾಟು ಇಡುತ್ತಿದ್ದಳು, ಉಣ್ಣುವ ತನಕ ಗೋಡೆ ನೋಡುತ್ತಿದ್ದಳು. ಪಂಚಮಿಗೆ ಅವನು ಹೋಗುತ್ತಿದ್ದ, ಆಕೆ ಉಂಡಿ ಕಟ್ಟಿ ಕೊಡುತ್ತಿದ್ದಳು. ನಾನು ಹೋಗುವುದನ್ನು ಬಿಟ್ಟೆ.

ಈ ವರ್ಷ ಒಂದು ಮುಂಜಾನೆ ಕೆಲಸಕ್ಕೆ ಬಂದಾಗ ಡಾಕ್ಟರು ಬಾಗಿಲಲ್ಲೇ ನಿಲ್ಲಿಸಿದರು. ರಾತ್ರಿ ಕರೂರಿನಿಂದ ಒಬ್ಬಾಕೆ ದಾಖಲಾಗಿದ್ದಾಳೆ, ಗರ್ಭಚೀಲದಲ್ಲಿ ಗಡ್ಡೆ, ರಕ್ತ ನಿಲ್ಲುತ್ತಿಲ್ಲ, ಬಳ್ಳಾರಿಯ ತನಕ ಒಯ್ಯುವಂತಿಲ್ಲ, ಇಲ್ಲೇ ಚೀಲ ತೆಗೆಯಬೇಕು, ಆಕೆ ನಿಮ್ಮವ್ವನಂತೆ ಎಂದರು. "ಬ್ಯಾರೆ ಯಾರೂ ಇಲ್ಲ. ನಿಲ್ತೀಯಾ?" ನಿಲ್ಲುತ್ತೇನೆ ಎಂದೆ. ಕಾರಿಡಾರಿನ ಕೊನೆಯಲ್ಲಿ ಅವನು ಕೂತಿದ್ದ. ಮಗ ಎಂದು ಸಹಿ ಹಾಕಿದವನು ಅವನೇ ಎಂದು ಆಯಾ ಹೇಳಿದಳು.

ಬೆನ್ನಿಗೆ ಸೂಜಿ ಕೊಟ್ಟಿದ್ದರಿಂದ ಅವ್ವ ಎಚ್ಚರವಾಗಿದ್ದಳು, ಸೊಂಟದ ಕೆಳಗೆ ಮಾತ್ರ ಜೋಮು ಹಿಡಿದಿತ್ತು. ನಾನು ಕೈ ಎತ್ತಿಕೊಂಡು ಒಳಗೆ ಬಂದಾಗ ಮಾಸ್ಕಿನ ಮೇಲಿನ ಕಣ್ಣುಗಳಿಂದಲೇ ಗುರುತು ಹಿಡಿದಳು. ಮಾತಾಡದೆ ಎಷ್ಟೋ ಕಾಲವಾಗಿತ್ತು. ತಾನಾಗಿ ಕೈ ಚಾಚಿದಳು. ನಾನು ಹಿಂದೆ ಸರಿದೆ. ಕೈ ತೊಳೆದಿದ್ದೆ, ಮುಟ್ಟುವಂತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವಷ್ಟರಲ್ಲಿ ಆಕೆ ಚಾಚಿದ ಕೈಯನ್ನು ಎಳೆದುಕೊಂಡಳು.

"ಇನ್ನೂ ಸಿಟ್ಟೇನು? ಹೊರಗ ನಿಮ್ಮಣ್ಣ ರಾತ್ರೆಲ್ಲಾ ನಿದ್ದಿಗೆಟ್ಟು ಕುಂತಾನ. ಒಂದು ಮಾತು ಆಡ್ಸು."

ಆಕೆಯ ಎದೆಯ ಮೇಲೆ ಅಡ್ಡ ಬಟ್ಟೆ ಕಟ್ಟಿದರು. ಬಟ್ಟೆಯ ಆ ಕಡೆ ಅವ್ವನ ಮುಖ, ಈ ಕಡೆ ಅವ್ವನ ಹೊಟ್ಟೆ. ಡಾಕ್ಟರ್ ಕೇಳುವ ಮೊದಲೇ ಒಂದೊಂದೇ ಸಾಮಾನು ಅವರ ಅಂಗೈಗೆ ಇಟ್ಟೆ. ಗರ್ಭಚೀಲ ಹೊರಗೆ ಬಂತು. ನಾನು ಹಿಡಿದ ಟ್ರೇಯಲ್ಲಿ ಇಟ್ಟರು. ತೆಗೆದದ್ದನ್ನು ಕಡೆಯವರಿಗೆ ತೋರಿಸುವುದು ನಮ್ಮ ಆಸ್ಪತ್ರೆಗಳಲ್ಲಿ ಪದ್ಧತಿ. ತೋರಿಸದಿದ್ದರೆ, ತೆಗೆದೇ ಇಲ್ಲ ಎಂದು ಜಗಳಕ್ಕೆ ಬರುವವರಿದ್ದಾರೆ. ಆಯಾ ಟ್ರೇಗೆ ಕೈ ಚಾಚಿದಳು. ನಾನು ಬಿಡಲಿಲ್ಲ.

"ಮೇಡಂ, ಪೇಷೆಂಟ್ ಕಡಿಯಾಕಿ ನಾನ ಅದೀನಿ. ನಾ ನೋಡೀನಿ. ಹೊರಗ ತೋರ್ಸೂದು ಬ್ಯಾಡ್ರಿ."

"ಸಹಿ ಮಾಡಿದವ್ರಿಗೆ ತೋರಿಸ್ಬೇಕಲ್ಲಮ್ಮಾ" ಎಂದರು ಡಾಕ್ಟರು, ತಲೆ ಎತ್ತದೆ.

ಬಟ್ಟೆಯ ಆ ಕಡೆಯಿಂದ ಅವ್ವನ ದನಿ ಬಂತು. "ತೋರಿಸ್ರಿ. ನನ್ನ ಮಗಗ ತೋರಿಸ್ರಿ."

ಆಯಾ ಟ್ರೇ ತೆಗೆದುಕೊಂಡು ಹೋದಳು. ಅವಳ ಹಿಂದೆ ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಕರೂರಿನ ಪೇಷೆಂಟ್ ಕಡೆಯವರು ಯಾರ್ರಿ ಎಂದು ಆಕೆ ಕೂಗಿದ್ದು ಕೇಳಿಸಿತು. ಕುರ್ಚಿ ಸರಿದ ಸದ್ದು ಕೇಳಿಸಿತು.

"ನಾನ್ರಿ. ಮಗ."

ಆ ಚೀಲದಲ್ಲಿ ಮಲಗಿ ಬಂದವಳು ನಾನೊಬ್ಬಳೇ. ಡಾಕ್ಟರ್ ಅಂಗೈ ಚಾಚಿದರು. ಹೊಲಿಗೆಯ ದಾರ ಕೊಟ್ಟೆ.